ಕಣ್ಣೀರಿನ ಬಾಟಲಿ

24 ನವೆಂಬರ್ 2024, ಭಾನುವಾರ
ಹನುಮಂತನಗರ, ರಾತ್ರಿ ಹತ್ತೂವರೆ

ನಾಳೆ ಕಡಲೆಕಾಯಿ ಪರಿಷೆ. ನಾಳೆ ಅನ್ನುವುದು ಬರೀ ಲೆಕ್ಕಕ್ಕೆ. ಬುಲ್ ಟೆಂಪಲ್ ರಸ್ತೆಯಲ್ಲಿ ಆಗಲೇ ರಾಶಿ ಬಿದ್ದಿದೆ. ಸಂಜೆ ಅಮ್ಮನನ್ನು ಒಂದು ಸುತ್ತು ಕರೆದುಕೊಂಡು ಹೋಗಿದ್ದೆ. ಎರಡು ಸೇರು ಹಸಿ ಕಾಯಿ ತಂದೆವು. ಪ್ರತಿ ರಾಶಿಯ ಮುಂದೆಯೂ ನಿಂತು, ಒಂದು ಕಾಯಿ ಒಡೆದು, ಬೀಜವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಚೌಕಾಸಿ ಮಾಡಿದಳು. ಧೂಳು, ಹೊಗೆ, ಜನವೋ ಜನ. ಒಂದು ಸಲವೂ ಕಣ್ಣು ಉಜ್ಜಿಕೊಳ್ಳಲಿಲ್ಲ.

ಅದಕ್ಕೇ ಇವತ್ತು ಬರೆಯಲು ಕೂತೆ. ಮೂರು ತಿಂಗಳಿಂದ ಈ ಮನೆಯಲ್ಲಿ ಕಣ್ಣಿನದೇ ಮಾತು.

ಅಮ್ಮನಿಗೆ 68. ಗ್ಲಾಕೋಮಾ ಇದೆ ಅಂತ ಗೊತ್ತಾಗಿ ನಾಲ್ಕು ವರ್ಷ ಆಯಿತು. ಕಣ್ಣಿನೊಳಗಿನ ಒತ್ತಡ ಏರಿ, ನರ ಸದ್ದಿಲ್ಲದೆ ಸಾಯುವ ಕಾಯಿಲೆ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಅಷ್ಟೇ. ರಾತ್ರಿ ಒಂದು ಸಲ ಒತ್ತಡ ಇಳಿಸುವ ಲ್ಯಾಟನೊಪ್ರೋಸ್ಟ್ ಹನಿ, ಬೆಳಿಗ್ಗೆ ಸಂಜೆ ಇನ್ನೊಂದು ಬಾಟಲಿಯ ಹನಿ. ಫ್ರಿಜ್ ಬಾಗಿಲಿನಲ್ಲಿ ನಿಂಬೆಹಣ್ಣಿನ ಪಕ್ಕ ಅದಕ್ಕೊಂದು ಸ್ಟೀಲ್ ಲೋಟ ಇದೆ. ಆ ಲೋಟ ಮುಟ್ಟುವ ಹಾಗಿಲ್ಲ.

ಆಗಸ್ಟ್‌ನಲ್ಲಿ ಕಣ್ಣು ಕೆಂಪಾಗಲು ಶುರುವಾಯಿತು. ಮರಳು ಬಿದ್ದ ಹಾಗೆ ಚುಚ್ಚುತ್ತದೆ ಅನ್ನುತ್ತಿದ್ದಳು. ಆಮೇಲೆ ರೆಪ್ಪೆಯ ಚರ್ಮ ಒರಟಾಗಿ ಹೊಟ್ಟು ಏಳತೊಡಗಿತು. ಬೆಂಗಳೂರಿನಲ್ಲಿ ಯಾವ ಕಾಯಿಲೆಗಾದರೂ ಮೊದಲ ಆರೋಪಿ ಧೂಳು ಅಲ್ವಾ? ನಾನೂ ಧೂಳು ಅಂದೆ. ತುಮಕೂರಿನಿಂದ ದೊಡ್ಡಮ್ಮ ಫೋನ್ ಮಾಡಿ, "ಉಷ್ಣ ಕಣೇ ಅದು, ನೆತ್ತಿಗೆ ಹರಳೆಣ್ಣೆ ಒತ್ತು" ಅಂದರು. ಮೇಲಿನ ಮನೆ ಆಂಟಿ ನಂದಿಬಟ್ಟಲು ಹೂವನ್ನು ನೀರಿನಲ್ಲಿ ನೆನೆಸಿ ತಂದುಕೊಟ್ಟರು. ಅವರೇ ಇನ್ನೊಂದು ಮಾತೂ ಹೇಳಿದರು: "ಏನ್ರೀ, ನಿಮ್ಮ ರೆಪ್ಪೆ ಕೂದಲು ಹುಡುಗೀರ ಥರ ಉದ್ದ ಆಗಿದೆ!" ಅದು ಮಾತ್ರ ನಿಜ. ಲ್ಯಾಟನೊಪ್ರೋಸ್ಟ್ ಹಾಕಿದವರಿಗೆ ರೆಪ್ಪೆ ಕೂದಲು ಉದ್ದವಾಗುತ್ತದೆ, ದಪ್ಪವಾಗುತ್ತದೆ. ಅಮ್ಮ ನಾಚಿಕೊಂಡಳು. ಕಣ್ಣು ಕೆಂಪಗೇ ಇತ್ತು.

ಈಗ ನನ್ನ ತಪ್ಪು. ಮೆಡಿಕಲ್ ಶಾಪಿಗೆ ಹೋಗಿ, "ಕಣ್ಣು ಒಣಗಿದೆ, ಏನಾದರೂ ಕೊಡಿ" ಅಂದೆ. ಕೃತಕ ಕಣ್ಣೀರಿನ ಹನಿ ಕೊಟ್ಟರು. "ಬರೀ ಕಣ್ಣೀರು ಮೇಡಂ, ಎಷ್ಟು ಸಲ ಬೇಕಾದ್ರೂ ಹಾಕ್ಕೊಳ್ಳಬಹುದು." ದಿನಕ್ಕೆ ಆರು ಸಲ ಹಾಕಿಸಿದೆ, ಅಲಾರಂ ಇಟ್ಟು! ಹಾಕಿದ ಕೂಡಲೇ ತಣ್ಣಗೆ, ಅರ್ಧ ಗಂಟೆಗೆ ಮತ್ತೆ ಉರಿ. ಉರಿ ಅಂದರೆ ಇನ್ನೂ ಒಂದು ಹನಿ.

ಅಕ್ಟೋಬರ್ 19ಕ್ಕೆ ಕಣ್ಣಿನ ಡಾಕ್ಟರ್ ಹತ್ತಿರ ಹೋದೆವು. ಮನೆಯಲ್ಲಿರುವ ಹನಿ ಬಾಟಲಿ ಎಲ್ಲಾ ತನ್ನಿ ಅಂದಿದ್ದರು. ಲೋಟದ ಸಮೇತ ಒಯ್ದೆ. ಅವರು ಮೊದಲು ಹಳದಿ ಬಣ್ಣದ ಒಂದು ಕಾಗದದ ಪಟ್ಟಿಯನ್ನು ಅಮ್ಮನ ಕೆಳರೆಪ್ಪೆಯೊಳಗೆ ಮುಟ್ಟಿಸಿ, ನೀಲಿ ದೀಪ ಹಾಕಿ, "ಬನ್ನಿ, ನೀವೂ ನೋಡಿ" ಅಂದರು. ಪರದೆಯ ಮೇಲೆ ಅಮ್ಮನ ಕಣ್ಣು. ಕಪ್ಪುಗುಡ್ಡೆಯ ಕೆಳಭಾಗದ ತುಂಬಾ ಹಸಿರು ಚುಕ್ಕಿ. ರಂಗೋಲಿಗೆ ಚುಕ್ಕಿ ಇಟ್ಟು ಎಳೆ ಎಳೆಯುವುದನ್ನು ಮರೆತ ಹಾಗೆ. ಒಂದೊಂದು ಚುಕ್ಕಿಯೂ ಕಾರ್ನಿಯಾದ, ಅಂದರೆ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯ, ಮೇಲ್ಪದರದಲ್ಲಿ ಜೀವಕೋಶ ಹಾಳಾದ ಜಾಗ. ಬಣ್ಣ ಅಲ್ಲೇ ಹಿಡಿದುಕೊಳ್ಳುತ್ತದೆ.

ಆಮೇಲೆ ಬಾಟಲಿಗಳನ್ನು ಒಂದೊಂದಾಗಿ ತಿರುಗಿಸಿದರು. ದೊಡ್ಡಕ್ಷರದ ಹೆಸರನ್ನು ಅವರು ನೋಡಲೇ ಇಲ್ಲ. ಕೆಳಗೆ ಇರುವೆ ಸಾಲಿನ ಹಾಗಿದ್ದ ಅಕ್ಷರ ಓದಿದರು. ಮೂರರಲ್ಲೂ ಒಂದೇ ಹೆಸರು: ಬೆಂಜಾಲ್ಕೋನಿಯಂ ಕ್ಲೋರೈಡ್. ರಾತ್ರಿಯ ಬಾಟಲಿಯಲ್ಲಿ 0.02 ಶೇಕಡಾ. ನಾನು ತಂದ 'ಬರೀ ಕಣ್ಣೀರು' ಬಾಟಲಿಯಲ್ಲೂ ಅದೇ ಕೂತಿತ್ತು.

"ಇದು ಔಷಧಿ ಅಲ್ಲ. ಔಷಧಿ ಕೆಡದ ಹಾಗೆ ಕಾಯೋಕೆ ಹಾಕಿರೋದು. ಪ್ರಿಸರ್ವೇಟಿವ್," ಅಂದರು ಡಾಕ್ಟರ್.

ನಮ್ಮ ಉಪ್ಪಿನಕಾಯಿಗೆ ಉಪ್ಪು, ಎಣ್ಣೆ ಇದ್ದ ಹಾಗೆ ಅಂದುಕೊಂಡೆ. ಪೂರ್ತಿ ಹಾಗಲ್ಲ. ಇದು ಸಾಬೂನಿನ ಜಾತಿಯದು. ಅಣುವಿನ ಒಂದು ತುದಿಗೆ ಧನ ವಿದ್ಯುತ್ ಇರುತ್ತದೆ, ಇನ್ನೊಂದು ತುದಿ ಜಿಡ್ಡಿಗೆ ಅಂಟುತ್ತದೆ. ಬ್ಯಾಕ್ಟೀರಿಯಾದ ಹೊರಪೊರೆಯೊಳಗೆ ನುಗ್ಗಿ ಅದನ್ನು ಒಡೆಯುತ್ತದೆ. ಜರ್ಮನಿಯ ಗೆರ್ಹಾರ್ಡ್ ಡೋಮಾಕ್ 1935ರಲ್ಲೇ ಇದರ ಈ ಗುಣವನ್ನು ಪ್ರಕಟಿಸಿದ್ದರು. ಸೋಂಕಿಗೆ ಕೊಡುವ ಸಲ್ಫಾ ಔಷಧಿಗೆ 1939ರ ನೊಬೆಲ್ ಪಡೆದವರೇ ಅವರು. ಆದರೆ ನಮ್ಮ ಕಣ್ಣೀರಿನ ಮೇಲೂ ತೆಳ್ಳಗೆ ಒಂದು ಎಣ್ಣೆ ಪದರ ಇರುತ್ತದೆ, ಕಣ್ಣು ಬೇಗ ಒಣಗದ ಹಾಗೆ. ಎಣ್ಣೆ ಬಾಣಲೆಗೆ ಪಾತ್ರೆ ಸೋಪು ಬಿದ್ದರೆ ಏನಾಗುತ್ತದೋ ಅದೇ ಅಲ್ಲೂ ಆಗುತ್ತದೆ. ಪದರ ಒಡೆಯುತ್ತದೆ, ಕಣ್ಣು ಒಣಗುತ್ತದೆ, ಕಾರ್ನಿಯಾದ ಜೀವಕೋಶಕ್ಕೂ ಪೆಟ್ಟು ಬೀಳುತ್ತದೆ. ಒಣಗಿತು ಅಂತ ನಾವು ಮತ್ತೆ ಅದನ್ನೇ ಸುರಿಯುತ್ತೇವೆ.

ಕೆಲವು ದಿನ ಹಾಕಿ ಬಿಡುವ ಹನಿಯಾದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲವಂತೆ. ಇಲ್ಲಿ ಎಣಿಕೆಯದೇ ತೊಂದರೆ. ರಾತ್ರಿ ಒಂದು, ಹಗಲು ಎರಡು, ನನ್ನ ಉಪಕಾರದ್ದು ಆರು. ದಿನಕ್ಕೆ ಒಂಬತ್ತು. ಹೀಗೇ ಬಿಟ್ಟಿದ್ದರೆ ವರ್ಷಕ್ಕೆ ಒಂದೊಂದು ಕಣ್ಣಿಗೂ 3285 ಸಲ.

ಹಾಗಂತ ಅದನ್ನು ಸುಮ್ನೆ ಖಳನಾಯಕ ಮಾಡುವುದೂ ನ್ಯಾಯ ಅಲ್ಲ. ಬಾಟಲಿಯ ಮೂತಿ ರೆಪ್ಪೆಗೆ ತಾಗುತ್ತದೆ, ಬೆರಳಿಗೆ ತಾಗುತ್ತದೆ. ಅಮ್ಮ ಹಾಕಿಕೊಳ್ಳುವಾಗ ಒಮ್ಮೊಮ್ಮೆ ಕೆನ್ನೆಗೂ ತಾಗುತ್ತದೆ. ಕಾಯುವವರಿಲ್ಲದೆ ಒಂದು ತಿಂಗಳು ತೆರೆದಿಟ್ಟರೆ ಅದರಲ್ಲಿ ಏನು ಬೆಳೆಯಬಹುದು ಅಂತ ಯೋಚಿಸಿ. ಕೊಳೆತ ಹನಿಯಿಂದ ಕಾರ್ನಿಯಾ ಹುಣ್ಣಾದರೆ ಕಣ್ಣೇ ಹೋಗಬಹುದು.

ಅವತ್ತು ನನ್ನನ್ನು ಕುಗ್ಗಿಸಿದ್ದು ಚುಕ್ಕಿಗಳಲ್ಲ. ಕಣ್ಣಿನ ಒತ್ತಡ 26 ಬಂದಿತ್ತು. 10ರಿಂದ 21 ಇದ್ದರೆ ಸಾಮಾನ್ಯ. ಏಪ್ರಿಲ್‌ನಲ್ಲಿ 16 ಇತ್ತು. ಡಾಕ್ಟರ್ ನಿಧಾನವಾಗಿ ಕೇಳಿದರು, "ಅಮ್ಮಾ, ರಾತ್ರಿ ಹನಿ ಹಾಕ್ಕೊಳ್ತಾ ಇದೀರಾ?"

ಅಮ್ಮ ನನ್ನ ಮುಖ ನೋಡಿ, ತಲೆ ತಗ್ಗಿಸಿ, ಸೆರಗಿನ ತುದಿ ಸುತ್ತುತ್ತಾ ಕೂತಳು. "ಉರಿ ತಡೆಯಕ್ಕಾಗ್ತಿರಲಿಲ್ಲ. ಬಿಟ್ಟು ಮೂರು ವಾರ ಆಯ್ತು. ಕಣ್ಣೀರಿನ ಬಾಟ್ಲಿ ಮಾತ್ರ ಬಿಟ್ಟಿಲ್ಲ, ಇವಳು ತಂದಿದ್ದಲ್ವಾ."

ಆ ಮೂರು ವಾರವೂ ದಿನಾ ರಾತ್ರಿ ನಾನು ಅಡುಗೆಮನೆಯಿಂದಲೇ "ಅಮ್ಮಾ, ಹನಿ ಹಾಕ್ಕೊಂಡ್ಯಾ?" ಅನ್ನುತ್ತಿದ್ದೆ. "ಹೂಂ" ಅನ್ನುತ್ತಿದ್ದಳು. ನಾನು ಪಾತ್ರೆ ತೊಳೆಯುತ್ತಿದ್ದೆ. ಉಳಿಸುವ ಔಷಧಿ ಬಿಟ್ಟು, ಉರಿಸುವ ಕಣ್ಣೀರು ಮುಂದುವರಿಸಿದ್ದೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ಡಾಕ್ಟರ್ ಬೈಯಲಿಲ್ಲ. ಉರಿಯುತ್ತದೆ ಅಂತ ಹೇಳದೆ ಬಿಡುವವರು ಜಾಸ್ತಿ, ಹೇಳಿ ಬಿಡುವವರು ಕಡಿಮೆ ಅಂದರು. ಪ್ರಿಸರ್ವೇಟಿವ್ ಇಲ್ಲದ ಹನಿ ಬರೆದುಕೊಟ್ಟರು. ಔಷಧಿಗೆ ಬೇರೆ ಥರದ ಬಾಟಲಿ, ಒಳಗಿನ ಹನಿ ಹೊರಗೆ ಬರುತ್ತದೆ, ಹೊರಗಿನ ಸೂಕ್ಷ್ಮಜೀವಿ ಒಳಗೆ ಹೋಗುವುದಿಲ್ಲ. ಕಣ್ಣೀರಿಗೆ ಪುಟಾಣಿ ಪ್ಲಾಸ್ಟಿಕ್ ಕೊಳವೆ, ಅದರ ತುದಿ ತಿರುವಿ ತೆಗೆದು, ಹಾಕಿಕೊಂಡು ಎಸೆಯಬೇಕು. ಎರಡು ಹನಿಗಳ ನಡುವೆ ಐದು ನಿಮಿಷ ಬಿಡಬೇಕು, ಹಾಕಿದ ಮೇಲೆ ಮೂಗಿನ ಪಕ್ಕದ ಮೂಲೆ ಒತ್ತಿ ಹಿಡಿಯಬೇಕು, ಹರಿದದ್ದನ್ನು ಒರೆಸಬೇಕು. ಬೆಲೆ ಎಷ್ಟು ಅಂತ ಅಮ್ಮನಿಗೆ ಇನ್ನೂ ಹೇಳಿಲ್ಲ.

ನನಗೂ ಒಂದು ಮಾತು ಹೇಳಿದರು. ನಾನು ಮೆತ್ತನೆಯ ಕಾಂಟಾಕ್ಟ್ ಲೆನ್ಸ್ ಹಾಕುತ್ತೇನೆ. ಆಫೀಸಿನಲ್ಲಿ ಕಣ್ಣು ಒಣಗಿದಾಗ ಅಮ್ಮನ ಬಾಟಲಿಯಿಂದಲೇ ಲೆನ್ಸ್ ಮೇಲೆ ಎರಡು ಹನಿ ಬಿಟ್ಟುಕೊಳ್ಳುತ್ತಿದ್ದೆ. ಬೆಂಜಾಲ್ಕೋನಿಯಂ ಅನ್ನು ಆ ಲೆನ್ಸ್ ಸ್ಪಂಜಿನ ಹಾಗೆ ಹೀರಿಕೊಳ್ಳುತ್ತದಂತೆ. ಇಂಥ ಹನಿ ಹಾಕಬೇಕಾದರೆ ಲೆನ್ಸ್ ತೆಗೆಯಬೇಕು, ಹಾಕಿ 15 ನಿಮಿಷ ಆದ ಮೇಲೇ ಮತ್ತೆ ಲೆನ್ಸ್. ಒಬ್ಬರ ಕಣ್ಣಿನ ಬಾಟಲಿಯನ್ನು ಇನ್ನೊಬ್ಬರು ಬಳಸಿದ್ದಕ್ಕೆ ಬೇರೆ ಬೈಸಿಕೊಂಡೆ.

ನವೆಂಬರ್ 16ಕ್ಕೆ ಮತ್ತೆ ತೋರಿಸಿದಾಗ ಚುಕ್ಕಿ ಬೆರಳೆಣಿಕೆಯಷ್ಟಿದ್ದವು. ಒತ್ತಡ 17. ಆದರೆ ರೆಪ್ಪೆ ಮತ್ತು ಬೆರಳಸಂದಿನ ಚರ್ಮ ಪೂರ್ತಿ ವಾಸಿಯಾಗಿರಲಿಲ್ಲ. ಬೆರಳು ಯಾಕೆ? ಮನೆಗೆ ಬಂದು ಪತ್ತೇದಾರಿ ಕೆಲಸ ಶುರುಮಾಡಿದೆ. ನೆಲ ಒರೆಸುವ ದ್ರವದ ಡಬ್ಬಿ ತಿರುಗಿಸಿದರೆ ಬೆಂಜಾಲ್ಕೋನಿಯಂ. ಕೊರೊನಾ ಕಾಲದಿಂದ ಬಾಗಿಲ ಬಳಿ ಕೂತಿರುವ, ಆಲ್ಕೋಹಾಲ್ ಇಲ್ಲದ ಸ್ಯಾನಿಟೈಸರ್‌ನಲ್ಲೂ ಅದೇ. ಅಮ್ಮ ಆ ದ್ರವವನ್ನು ಅಳತೆ ಇಲ್ಲದೆ ಬಕೆಟ್ಟಿಗೆ ಸುರಿದು, ಬರಿಗೈಯಲ್ಲಿ ಬಟ್ಟೆ ಹಿಂಡುತ್ತಾಳೆ. ಘಮ್ ಅನ್ನದಿದ್ದರೆ ನೆಲ ಒರೆಸಿದ್ದೇ ಅಲ್ಲ ಅವಳಿಗೆ.

ಇದು ಅಲರ್ಜಿಯೋ ಬರೀ ಉರಿಯೋ ಗೊತ್ತಾಗಬೇಕು ಅಂತ ಚರ್ಮದ ಡಾಕ್ಟರ್ ಪ್ಯಾಚ್ ಟೆಸ್ಟ್ ಮಾಡಿದರು. ಅಲರ್ಜಿ ಅಂದರೆ ದೇಹ ಒಂದು ವಸ್ತುವಿನ ಮೇಲೆ ಹಗೆ ಕಟ್ಟಿಕೊಂಡಂತೆ, ಆಮೇಲೆ ಚೂರು ತಾಗಿದರೂ ಕೆರಳುತ್ತದೆ. ಉರಿ ಹಾಗಲ್ಲ, ಜಾಸ್ತಿ ಸುರಿದರೆ ಯಾರಿಗಾದರೂ ಆಗುತ್ತದೆ. ಬೆನ್ನ ಮೇಲೆ ಸಾಲಾಗಿ ಪುಟ್ಟ ಪುಟ್ಟ ಬಟ್ಟಲು ಅಂಟಿಸಿದರು, ಬಿಂದಿ ಹಾಳೆ ಅಂಟಿಸಿದ ಹಾಗೆ. ಒಂದೊಂದರಲ್ಲಿ ಒಂದೊಂದು ವಸ್ತು. 48 ಗಂಟೆ ಬೆನ್ನಿಗೆ ನೀರು ತಾಗಬಾರದು.

ಅಂಟಿಸಿದ್ದು ಕಳೆದ ಸೋಮವಾರ. ಕಾರ್ತಿಕ ಸೋಮವಾರ!

"ವರ್ಷಕ್ಕೆ ನಾಲ್ಕು ಬರುತ್ತೆ, ಇವತ್ತೇ ಬೇಕಿತ್ತಾ ಇವರಿಗೆ?" ಅಂತ ಆಟೋದಲ್ಲಿ ದಾರಿಯುದ್ದಕ್ಕೂ ಗೊಣಗಿದಳು. ಮಂಗಳವಾರ ತಲೆಸ್ನಾನ ಇಲ್ಲದೆ ದೀಪ ಹಚ್ಚುವುದು ಹೇಗೆ? ಕೊನೆಗೆ ನಾನು ಒದ್ದೆ ಟವೆಲಿನಲ್ಲಿ ಕೈಕಾಲು ಒರೆಸಿಕೊಟ್ಟೆ, ದೀಪ ನನ್ನ ಕೈಯಲ್ಲಿ ಹಚ್ಚಿಸಿದಳು. ಬತ್ತಿ ಇಟ್ಟ ರೀತಿಯಲ್ಲಿ ಮೂರು ತಪ್ಪು ಹುಡುಕಿದಳು.

ಬುಧವಾರ ಪಟ್ಟಿ ಬಿಚ್ಚಿದಾಗ ಬೆಂಜಾಲ್ಕೋನಿಯಂ ಇದ್ದ ಜಾಗ ಕೆಂಪಗಿತ್ತು. ಸಿಕ್ಕಿತು ಕಳ್ಳ ಅಂದುಕೊಂಡೆ. ಡಾಕ್ಟರ್ ಅವಸರ ಮಾಡಲಿಲ್ಲ. ಈ ವಸ್ತು ತಾನೇ ಚರ್ಮ ಉರಿಸುವುದರಿಂದ ಇದರ ಟೆಸ್ಟ್ ಓದುವುದು ಕಷ್ಟ, ಶುಕ್ರವಾರ ಬನ್ನಿ ಅಂದರು. ಶುಕ್ರವಾರ ಆ ಕೆಂಪು ಮಾಯ. ಅಲರ್ಜಿ ಆಗಿದ್ದರೆ ಸಾಮಾನ್ಯವಾಗಿ ಏರುತ್ತಿತ್ತು, ಇಳಿದಿದೆ ಅಂದರೆ ಬರೀ ಉರಿ. ರೆಪ್ಪೆಯ ಮೇಲೆ ಹರಿದ ಹನಿಯದ್ದೂ ಇದೇ ಕಥೆ ಇರಬೇಕು ಅಂದರು. ಒರೆಸಿಕೊಳ್ಳಿ, ಕೈಗವಸು ಹಾಕಿ, ನೆಲದ ದ್ರವ ಮುಚ್ಚಳದಲ್ಲಿ ಅಳೆದು ಹಾಕಿ. ಅಷ್ಟೇ.

ಆದರೆ ಇನ್ನೊಂದು ಜಾಗ ಕೆಂಪಗೆ ಉಬ್ಬಿ ನಿಂತಿತ್ತು. ನಿಕ್ಕಲ್, ಗಿಲೀಟು ಒಡವೆಗಳಲ್ಲಿ ಹೆಚ್ಚಾಗಿ ಇರುವ ಲೋಹ. ಗಿಲೀಟು ಸರ ಹಾಕಿಕೊಂಡರೆ ಕತ್ತು ಕೆರೆಯುತ್ತದೆ ಅಂತ ಅಮ್ಮ ಮೂವತ್ತು ವರ್ಷದಿಂದ ಹೇಳುತ್ತಿದ್ದಳು. ಚಿನ್ನ ಕೇಳೋಕೆ ನೆಪ ಅಂತ ಅಪ್ಪ ನಗುತ್ತಿದ್ದರು. ಮನೆಗೆ ಬಂದವಳೇ ಅಪ್ಪನ ಫೋಟೋ ಮುಂದೆ ನಿಂತು, "ನೋಡಿದ್ರಾ, ಡಾಕ್ಟ್ರೇ ಹೇಳಿದಾರೆ" ಅಂದಳು.

ಈಗ ಒಂಬತ್ತು ಗಂಟೆಗೆ ನಾನು ಅಡುಗೆಮನೆಯಿಂದ ಕೂಗುವುದಿಲ್ಲ. ಕೈ ತೊಳೆದು ಬಂದು ನಾನೇ ಹಾಕುತ್ತೇನೆ. ಇವತ್ತು ಕಣ್ಣೀರಿನ ಕೊಳವೆ ತೆಗೆಯಲು ಹೋದರೆ ಫ್ರಿಜ್ ಬಾಗಿಲ ಲೋಟದಲ್ಲಿ ಅರ್ಧ ಖಾಲಿಯಾದ ಮೂರು ಕೊಳವೆ ನಿಂತಿದ್ದವು. ತೆರೆದ ಬಾಯಿಗೆ ಹತ್ತಿ ತುರುಕಿತ್ತು. ದೀಪದ ಬತ್ತಿಯ ಹತ್ತಿ.

"ಏನಮ್ಮಾ ಇದು? ಇದರಲ್ಲಿ ಕಾಯೋಕೆ ಏನೂ ಹಾಕಿಲ್ಲ, ಕೆಟ್ಟುಹೋಗುತ್ತೆ ಅಂದಿದ್ನಲ್ಲಾ?"

"ಇನ್ನೂ ಎರಡೆರಡು ಹನಿ ಇದೆ ಕಣೇ. ಬೆಲೆ ಎಷ್ಟು ಅಂತ ಮೇಲಿನ ಮನೆಯವಳು ಫೋನಲ್ಲಿ ನೋಡಿ ಹೇಳಿದಳು."

ಮೂರನ್ನೂ ಕಸಕ್ಕೆ ಹಾಕಿದೆ. ಅಮ್ಮ ಮಾತಾಡದೆ ಕತ್ತು ಎತ್ತಿ ಕೂತಳು. ಹನಿ ಬಿಟ್ಟೆ, ಮೂಗಿನ ಮೂಲೆ ಒತ್ತಿ ಹಿಡಿದೆ. ಕುಕ್ಕರಿನಲ್ಲಿ ಕಡಲೆಕಾಯಿ ಎರಡನೇ ಸೀಟಿ ಹಾಕಿತು.

"ಉಪ್ಪು ಹಾಕಿದ್ಯಾ?" ಅಂದಳು, ಕಣ್ಣು ಮುಚ್ಚಿಕೊಂಡೇ.