ಒಂದೇ ಕಿಣ್ವ, ಎರಡು ಲೆಕ್ಕ

ಲ್ಯಾಬಿಗೆ ಸೇರಿದ ಹೊಸತು. ಯೀಸ್ಟಿನಿಂದ ತೆಗೆದ ಇನ್ವರ್ಟೇಸ್ ಎಷ್ಟು ಚುರುಕಾಗಿದೆ ಅಂತ ಅಳೆಯೋ ಕೆಲಸ ನನ್ನ ಪಾಲಿಗೆ ಬಂತು. ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯೋ ಕಿಣ್ವ ಅದು. ನಾನು ಹಿಡಿದದ್ದು ಡಿಎನ್‌ಎಸ್ (ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲದ) ದಾರಿ: ಅದರ ಹಳದಿ ದ್ರಾವಣ ಹಾಕಿ ಕುದಿಯೋ ನೀರಲ್ಲಿ ಐದು ನಿಮಿಷ ಇಟ್ಟರೆ, ರೆಡ್ಯೂಸಿಂಗ್ ಶುಗರ್ (ಎಲೆಕ್ಟ್ರಾನ್ ಬಿಟ್ಟುಕೊಡಬಲ್ಲ ಸಕ್ಕರೆ; ಗ್ಲೂಕೋಸ್, ಫ್ರಕ್ಟೋಸ್ ಹೌದು, ಸುಕ್ರೋಸ್ ಅಲ್ಲ) ಇದ್ದಷ್ಟೂ ಟ್ಯೂಬು ಕೆಂಪುಗಂದಿಗೆ ತಿರುಗುತ್ತೆ. ಆ ಬಣ್ಣದ ಗಾಢತೆಯನ್ನು 540 ನ್ಯಾನೊಮೀಟರಿನ ಬೆಳಕಿನಲ್ಲಿ ಓದೋದು. ಸುಕ್ರೋಸ್ ಮಾತ್ರ ಇರೋ ಬ್ಲ್ಯಾಂಕ್ (ಹೋಲಿಕೆಗೆ ಇಡೋ ಟ್ಯೂಬು) ಹಳದಿಯಾಗೇ ಉಳಿಯುತ್ತೆ.

ಅದೇ ಸ್ಯಾಂಪಲನ್ನು ಪಕ್ಕದ ಬೆಂಚಿನವನು ಗ್ಲೂಕೋಸ್ ಆಕ್ಸಿಡೇಸ್ ಕಿಟ್‌ನಲ್ಲಿ ನೋಡಿದ್ದ. ಮಿಲಿಲೀಟರಿಗೆ ಅವನದು 21 ಯೂನಿಟ್, ನನ್ನದು 43.

ಮೂರು ದಿನ ಹಾಳಾಯ್ತು. ಪಿಪೆಟ್ ತೂಗಿ ನೋಡಿದೆ, ಬಫರ್ ಹೊಸದಾಗಿ ಮಾಡಿದೆ. ಹತ್ತು ಟ್ಯೂಬಿಗೆ ಕಿಣ್ವ ಹಾಕ್ತಾ ಹೋಗೋ ಹೊತ್ತಿಗೆ ಮೊದಲನೆಯದಕ್ಕೆ ನಾಲ್ಕು ನಿಮಿಷ ಹೆಚ್ಚು ಸಿಕ್ಕಿರಬಹುದು ಅಂತ, ಮೂವತ್ತು ಸೆಕೆಂಡಿಗೊಂದರಂತೆ ಹಾಕಿ, ಅದೇ ಅಂತರದಲ್ಲಿ ನಿಲ್ಲಿಸಿದೆ. (ಅದು ನಿಜಕ್ಕೂ ತಪ್ಪೇ ಆಗಿತ್ತು. ಟ್ಯೂಬುಗಳ ನಡುವಿನ ಏರುಪೇರು ಅಡಗಿತು, ದುಪ್ಪಟ್ಟು ಮಾತ್ರ ಅಲ್ಲಾಡಲಿಲ್ಲ.)

ಮೇಡಂ ನನ್ನ ನೋಟ್‌ಬುಕ್ ಓದಿ ಕೇಳಿದ್ದು ಇಷ್ಟೇ: "ಡಿಎನ್‌ಎಸ್‌ಗೆ ಏನು ಕಾಣುತ್ತೆ, ಕಿಟ್‌ಗೆ ಏನು ಕಾಣುತ್ತೆ?"

ಸುಕ್ರೋಸಿನ ಒಂದು ಅಣು ಒಡೆದರೆ ಡಿಎನ್‌ಎಸ್‌ಗೆ ಎರಡು ಸಕ್ಕರೆ ಕಾಣುತ್ತೆ. ಕಿಟ್‌ಗೆ ಗ್ಲೂಕೋಸ್ ಒಂದೇ. ಯೂನಿಟ್ ಅಂದರೆ ನಿಮಿಷಕ್ಕೆ ಒಂದು ಮೈಕ್ರೋಮೋಲ್ (ಅಣುಗಳ ಎಣಿಕೆಯ ಅಳತೆ) ಸುಕ್ರೋಸ್ ಒಡೆಯೋದು. ನಾನು ಎರಡರಿಂದ ಭಾಗಿಸಿರಲೇ ಇಲ್ಲ. ಎಕ್ಸೆಲ್ ಹಾಳೆ ಪಿಷ್ಟ ಒಡೆಯೋ ಅಮೈಲೇಸ್‌ಗೆ ಬಳಸಿದ್ದದ್ದು (ಅಲ್ಲಿ ಎರಡರಿಂದ ಭಾಗಿಸೋದು ಇಲ್ಲ), ಹಾಗೇ ನಕಲು ಮಾಡಿಕೊಂಡಿದ್ದೆ.

ಉಪಕರಣಕ್ಕೆ ಕಾಣೋದೇ ಬೇರೆ ಅನ್ನೋದು ಹಳೇ ತಲೆನೋವಂತೆ. 1913ರಲ್ಲಿ ಮಿಕೇಲಿಸ್ ಮತ್ತು ಮೆಂಟನ್ ಇದೇ ಇನ್ವರ್ಟೇಸನ್ನು ಪೋಲಾರಿಮೀಟರಿನಲ್ಲಿ (ಸಕ್ಕರೆ ದ್ರಾವಣ ಧ್ರುವೀಕೃತ ಬೆಳಕನ್ನು ಎಷ್ಟು ತಿರುಗಿಸುತ್ತೆ ಅಂತ ನೋಡೋ ಉಪಕರಣ) ಅಳೆದಾಗ, ಆಗತಾನೇ ಹುಟ್ಟಿದ ಗ್ಲೂಕೋಸಿನ ಓದು ಸ್ವಲ್ಪ ಹೊತ್ತು ಜಾರುತ್ತಲೇ ಇರುತ್ತಿತ್ತು. ಕ್ಷಾರ ಹಾಕಿ ಕಿಣ್ವ ನಿಲ್ಲಿಸಿ, ಅದು ನೆಲೆಗೊಂಡ ಮೇಲೆ ಓದಿದರು.

43ರ ಅರ್ಧ 21 ಅಲ್ಲ, 21.5. ಅಷ್ಟು ವ್ಯತ್ಯಾಸ ಬಿಟ್ಟುಬಿಡಬಹುದಿತ್ತು. ಆದರೆ ನನ್ನ ಸ್ಟ್ಯಾಂಡರ್ಡ್ (ಬಣ್ಣ ಹೋಲಿಸೋಕೆ ಬಳಸೋ, ಪ್ರಮಾಣ ಗೊತ್ತಿರೋ ದ್ರಾವಣ) ಬರೀ ಗ್ಲೂಕೋಸಿನದು. ಡಿಎನ್‌ಎಸ್ ಜೊತೆ ಫ್ರಕ್ಟೋಸ್ ಅದೇ ಅಳತೆಯಲ್ಲಿ ಬಣ್ಣ ಕೊಡಲ್ಲ. ಈಗ ಎರಡನ್ನೂ ಸಮಪಾಲಲ್ಲಿ ಬೆರೆಸಿ ಸ್ಟ್ಯಾಂಡರ್ಡ್ ಗೆರೆ ಎಳೀತೀನಿ. ಹಾಳೆಯಲ್ಲಿ ಯೂನಿಟ್ ಪಕ್ಕ "ಯಾವುದರ ಮೈಕ್ರೋಮೋಲ್?" ಅಂತ ಒಂದು ಕಾಲಂ ಇದೆ, ಅದನ್ನು ತುಂಬದೆ ಮುಂದಿನ ಸೆಲ್ ತೆರೆಯದ ಹಾಗೆ ಲಾಕ್ ಮಾಡಿಟ್ಟಿದ್ದೀನಿ.