ವ್ಯತ್ಯಾಸವಿಲ್ಲದಿದ್ದರೆ ಬರೆದದ್ದೇಕೆ?

"ವ್ಯತ್ಯಾಸವೇ ಇಲ್ಲ ಎಂದ ಮೇಲೆ ಇದನ್ನು ಬರೆದದ್ದೇಕೆ?" ಶನಿವಾರ ಅಂಗಡಿಯಲ್ಲಿ ಹಾಲಿನ ಕಪಾಟಿನ ಮುಂದೆ ನಿಂತು ಅತ್ತೆ ಕೇಳಿದ ಈ ಮಾತು ವಾರವಿಡೀ ನನ್ನನ್ನು ಬಿಟ್ಟಿಲ್ಲ. ತಿಪಟೂರಿನ ಕಡೆಯ ಹಳ್ಳಿಯಲ್ಲಿ ಬದುಕಿಡೀ ಡೇರಿಗೆ ಹಾಲು ಹಾಕಿದವರು ಅವರು. ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದಾಗಿನಿಂದ ಹಾಲಿನ ಡಬ್ಬಿಯ ಮೇಲಿರುವುದನ್ನೆಲ್ಲ ನನ್ನಿಂದ ಓದಿಸುತ್ತಾರೆ. ಆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ, ನಮ್ಮ ರೈತರು ಹಸುಗಳಿಗೆ ಆರ್‌ಬಿಎಸ್‌ಟಿ ಹಾರ್ಮೋನು ಕೊಡುವುದಿಲ್ಲ ಎಂದಿತ್ತು. ಹಸು ಹೆಚ್ಚು ಹಾಲು ಕರೆಯಲೆಂದು ಕೊಡುವ ಹಾರ್ಮೋನು ಅದು. ಅದರ ಕೆಳಗೆ ಇರುವೆಸಾಲಿನಂಥ ಅಕ್ಷರಗಳಲ್ಲಿ, ಹಾರ್ಮೋನು ಕೊಟ್ಟ ಹಸುವಿನ ಹಾಲಿಗೂ ಕೊಡದ ಹಸುವಿನ ಹಾಲಿಗೂ ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ ಎಂದಿತ್ತು.

ಜೊತೆಗಿದ್ದ ಸ್ನೇಹಿತರೊಬ್ಬರು, ಆಹಾರ ಉದ್ಯಮದಲ್ಲಿರುವವರು, ನಕ್ಕು "ಅದೆಲ್ಲ ವಿಜ್ಞಾನದ ವಿಷಯ, ಬಿಡಿ ಅಮ್ಮ" ಎಂದರು. ಅವರು ಕೆಟ್ಟವರಲ್ಲ. ಹಿಮದಲ್ಲಿ ನಮ್ಮ ಕಾರು ಹೂತುಹೋದಾಗ ನಡುರಾತ್ರಿ ಎದ್ದು ಬಂದವರು. ಆದರೂ ಆ ನಗು ನನಗೆ ಹಿಡಿಸಲಿಲ್ಲ. ಅತ್ತೆ ಮಾತ್ರ ಬಿಡಲಿಲ್ಲ. "ಇದನ್ನು ಹಸುವಿಗೆ ಹೇಗೆ ಕೊಡುತ್ತಾರೆ?" ಎಂದರು. ಹದಿನಾಲ್ಕು ದಿನಕ್ಕೊಮ್ಮೆ ಚುಚ್ಚುತ್ತಾರೆ ಎಂದೆ. "ಹಾಲಿಗೆ ಏನೂ ಆಗುವುದಿಲ್ಲ, ಸರಿ. ಹಸುವಿಗೆ ಏನಾಗುತ್ತದೆ? ಅದನ್ನು ಬರೆದಿದ್ದಾರೆಯೇ?"

ಬರೆದಿರಲಿಲ್ಲ. ಕೆನಡಾ 1999ರಲ್ಲಿ ಈ ಹಾರ್ಮೋನನ್ನು ತಿರಸ್ಕರಿಸಿದ್ದು ಇದೇ ಪ್ರಶ್ನೆಯ ಮೇಲೆ. ಚುಚ್ಚಿಸಿಕೊಂಡ ಹಸುಗಳಲ್ಲಿ ಕೆಚ್ಚಲು ಬಾವು ಮತ್ತು ಕುಂಟು ಹೆಚ್ಚುತ್ತವೆ ಎಂಬುದು ಅಲ್ಲಿನವರು ಕೊಟ್ಟ ಕಾರಣ. ಕೆಚ್ಚಲು ಬಾವು ಬಂದ ಹಸುವಿನ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತವರಿಗೆ ಆ ಪ್ರಶ್ನೆ ಹೊಳೆಯಲು ಪ್ರಯೋಗಾಲಯ ಬೇಕಾಗಲಿಲ್ಲ.

ಹಸುವಿನ ವಂಶವಾಹಿಯನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ತಯಾರಿಸುವ ಈ ಹಾರ್ಮೋನಿಗೆ ಅಮೆರಿಕ 1993ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಹಾಲು ಮೊದಲೇ ಮಿಕ್ಕುತ್ತಿದ್ದ ಕಾಲವದು. ಹೆಚ್ಚು ಹಾಲು ಬೇಕೆಂದು ಕೊಳ್ಳುವವರು ಯಾರೂ ಕೇಳಿರಲಿಲ್ಲ. ಲಾಭ ಮಾರುವವರಿಗೆ, ಅಳುಕು ಮಗುವಿಗೆ ಹಾಲು ಕುಡಿಸುವ ತಾಯಿಗೆ. ಹಾರ್ಮೋನು ಬಳಸಿದ್ದರೆ ಹಾಲಿನ ಡಬ್ಬಿಯ ಚೀಟಿಯ ಮೇಲೆ ತಿಳಿಸಬೇಕು ಎಂದು ವರ್ಮಾಂಟ್ ರಾಜ್ಯ ಕಾನೂನು ಮಾಡಿದರೆ, 1996ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಡೆಯಿತು. ಗ್ರಾಹಕರ ಕುತೂಹಲವೊಂದೇ ಅಂಥ ಕಡ್ಡಾಯಕ್ಕೆ ಸಾಕಾಗದು ಎಂದಿತು. ಕುತೂಹಲ! ಮನೆಯವರ ಬಾಯಿಗೆ ಹೋಗುವುದರ ಬಗ್ಗೆ ಕೇಳುವುದನ್ನು ಕುತೂಹಲವೆಂದು ಕರೆದದ್ದನ್ನು ಓದಿದಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ನಾವು ಹಾರ್ಮೋನು ಬಳಸುವುದಿಲ್ಲ ಎಂದು ಬರೆದುಕೊಂಡದ್ದಕ್ಕೆ ಮೇನ್ ರಾಜ್ಯದ ಓಕ್‌ಹರ್ಸ್ಟ್ ಡೇರಿಯ ಮೇಲೆ, ಆ ಹಾರ್ಮೋನನ್ನು ಮಾರುತ್ತಿದ್ದ ಮೊನ್ಸಾಂಟೊ ಕಂಪನಿ 2003ರಲ್ಲಿ ಮೊಕದ್ದಮೆ ಹೂಡಿತು. ರಾಜಿಯಲ್ಲಿ ಡೇರಿ ತನ್ನ ಡಬ್ಬಿಗೆ ಸೇರಿಸಿದ್ದು ಅತ್ತೆ ಓದಿಸಿದಂಥದ್ದೇ ಸಾಲನ್ನು. ಜನ ವಾದಕ್ಕಿಳಿಯಲಿಲ್ಲ, ಬೇರೆ ಡಬ್ಬಿ ಎತ್ತಿಕೊಂಡರು. 2008ರಲ್ಲಿ ವಾಲ್‌ಮಾರ್ಟ್ ತನ್ನ ಹೆಸರಿನ ಹಾಲಿನಿಂದ ಈ ಹಾರ್ಮೋನನ್ನು ದೂರವಿಟ್ಟಿತು. ಅದೇ ವರ್ಷ ಮೊನ್ಸಾಂಟೊ ಆ ವ್ಯಾಪಾರವನ್ನೇ ಮಾರಿಬಿಟ್ಟಿತು.

ಇಷ್ಟೆಲ್ಲ ಹೇಳಿದ ಮೇಲೆ ಚೀಸಿನ ಸಂಗತಿಯನ್ನು ಅತ್ತೆಯಿಂದ ಮುಚ್ಚಿಡುವುದು ನ್ಯಾಯವೆನಿಸಲಿಲ್ಲ. ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಹಿಂದೆ ಬರುತ್ತಿದ್ದುದು ಕೊಂದ ಎಳೆಗರುವಿನ ಹೊಟ್ಟೆಯಿಂದ. ಅದರಲ್ಲಿ ಕೆಲಸ ಮಾಡುವ ಕೈಮೋಸಿನ್ ಎಂಬ ಕಿಣ್ವವನ್ನು, ಕರುವಿನ ವಂಶವಾಹಿ ಪಡೆದ ಸೂಕ್ಷ್ಮಜೀವಿಗಳಿಂದ ತಯಾರಿಸಲು ಅಮೆರಿಕ 1990ರಲ್ಲೇ ಒಪ್ಪಿತು. ಇಂದು ಇಲ್ಲಿನ ಬಹುಪಾಲು ಚೀಸ್ ಅದರಿಂದಲೇ ಆಗುತ್ತದೆ. ಗಲಾಟೆಯಿಲ್ಲ, ಮೊಕದ್ದಮೆಯಿಲ್ಲ. ಪೊಟ್ಟಣದ ಮೇಲೆ ಇರುವುದು "ಕಿಣ್ವಗಳು" ಎಂಬ ಒಂದೇ ಪದ. ಕುಲಾಂತರಿ ಎಂದರೆ ಮಾರು ದೂರ ಸರಿಯುವ ನಮ್ಮ ಸಸ್ಯಾಹಾರಿ ಗೆಳತಿಯರು ಪಿಜ್ಜಾ ತಿನ್ನಲು ಸಾಧ್ಯವಾದದ್ದು ಬಹುಮಟ್ಟಿಗೆ ಈ ತಂತ್ರಜ್ಞಾನದಿಂದ, ಮತ್ತು ಅವರಿಗೆ ಅದನ್ನು ಯಾರೂ ಹೇಳಿಲ್ಲ.

ಅತ್ತೆ ಬೇಸರಪಡುತ್ತಾರೆ ಎಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಇದಕ್ಕಾಗಿ ಕರುವನ್ನು ಕೊಲ್ಲಬೇಕಿಲ್ಲ ಎಂದಾದರೆ ಅದನ್ನೇ ದೊಡ್ಡದಾಗಿ ಬರೆಯಬಹುದಲ್ಲ, ಬಚ್ಚಿಟ್ಟದ್ದೇಕೆ?" ಎಂದರು. ಸ್ನೇಹಿತರಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಹೇಳಿದರೆ ಜನ ಹೆದರುತ್ತಾರೆ ಎಂದರು. ನನಗೆ ಹಾಗನ್ನಿಸುವುದಿಲ್ಲ. ಹಾರ್ಮೋನಿನ ವಿಷಯದಲ್ಲಿ ಜನ ಮುನಿದದ್ದು ತಮ್ಮನ್ನು ಕೇಳದೆ, ತಮಗೆ ಹೇಳದೆ, ಹೇಳಹೊರಟವರ ಬಾಯನ್ನೂ ಕಟ್ಟಲು ನೋಡಿದ್ದಕ್ಕೆ. ಚೀಸಿನವರು ಆ ಮುನಿಸನ್ನು ನೋಡಿಯೂ ಮೌನವನ್ನೇ ಆರಿಸಿಕೊಂಡಿದ್ದಾರೆ. ಬೇರೆಯವರ ಬಾಯಿಂದ ಗೊತ್ತಾಗುವ ದಿನ ಅವರ ಒಳ್ಳೆಯ ಕೆಲಸವೂ ಮೋಸದಂತೆ ಕಾಣುತ್ತದೆ.

ನಿನ್ನೆ ನಾವು ಕೊಳ್ಳುವ ಚೀಸಿನ ಕಂಪನಿಗೆ ಪತ್ರ ಬರೆದೆ. ನಿಮ್ಮ ಕಿಣ್ವ ಎಲ್ಲಿಂದ ಬರುತ್ತದೆ, ಅದನ್ನು ಪೊಟ್ಟಣದ ಮೇಲೆ ಏಕೆ ಹೇಳುವುದಿಲ್ಲ ಎಂದು ಕೇಳಿದ್ದೇನೆ. ಅತ್ತೆ ಇನ್ನೊಂದು ಪ್ರಶ್ನೆ ಸೇರಿಸಿದ್ದಾರೆ: ನಿಮಗೆ ಹಾಲು ಕೊಡುವ ಹಸುಗಳು ಎಷ್ಟು ವರ್ಷ ಬದುಕುತ್ತವೆ?