ಕ್ಯೂ ಗಾರ್ಡನ್ಸ್ ಪಗೋಡ: ಲಯನ್ ಗೇಟಿನಿಂದ ಒಳಗೆ ಹೋಗಿ

ಲಂಡನ್ನಿನ ಕ್ಯೂ ಗಾರ್ಡನ್ಸ್‌ಗೆ ಹೋದವರಲ್ಲಿ, ಅಲ್ಲಿನ ಚೀನೀ ಶೈಲಿಯ ಗೋಪುರವಾದ ಪಗೋಡದ ಫೋಟೊವನ್ನು ದೂರದಿಂದಲೇ ತೆಗೆದುಕೊಂಡು ವಾಪಸಾಗುವವರೇ ಜಾಸ್ತಿ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ವಿಕ್ಟೋರಿಯಾ ಗೇಟಿನಿಂದ ಒಳಗೆ ಹೋಗಿ ಗಾಜಿನ ಮನೆಗಳನ್ನೆಲ್ಲ ಸುತ್ತುವಷ್ಟರಲ್ಲಿ ಕಾಲು ಸೋತಿತ್ತು. ಪಗೋಡ ಇರುವುದು ತೋಟದ ಆಗ್ನೇಯ ಮೂಲೆಯಲ್ಲಿ. ಹಾಗಾಗಿ ಈ ಸಲ ರಿಚ್ಮಂಡ್ ಸ್ಟೇಷನ್ನಿನಲ್ಲಿ ಇಳಿದು, ನಡೆದುಕೊಂಡೇ ಲಯನ್ ಗೇಟಿಗೆ ಹೋದೆ. ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ಪಗೋಡ ಎದುರಿಗಿತ್ತು.

ಪಗೋಡ ಅಂದ ತಕ್ಷಣ ಗುಡಿ ಅಂದುಕೊಳ್ಳಬೇಡಿ. ರಾಜ 3ನೇ ಜಾರ್ಜ್‌ನ ತಾಯಿ ಆಗಸ್ಟಾಳ ತೋಟದ ಅಂದಕ್ಕೆ ಅಂತಲೇ ವಾಸ್ತುಶಿಲ್ಪಿ ವಿಲಿಯಂ ಚೇಂಬರ್ಸ್ 1762ರಲ್ಲಿ ಇದನ್ನು ಕಟ್ಟಿ ಮುಗಿಸಿದ. ಎಂಟು ಮೂಲೆ, 10 ಅಂತಸ್ತು, ಸುಮಾರು 50 ಮೀಟರ್ ಎತ್ತರ. ಮೇಲಕ್ಕೆ ಹೋದಂತೆ ಪ್ರತಿ ಅಂತಸ್ತೂ ಒಂದೊಂದು ಅಡಿ ಚಿಕ್ಕದಾಗುತ್ತದೆ. ಚೀನಾದಲ್ಲಿ ಪಗೋಡಗಳಿಗೆ ಸಾಮಾನ್ಯವಾಗಿ ಬೆಸ ಸಂಖ್ಯೆಯ ಅಂತಸ್ತುಗಳು. ಅಲ್ಲಿನ ರೇವುಪಟ್ಟಣ ಕ್ಯಾಂಟನ್‌ಗೆ ಹೋಗಿ ಬಂದಿದ್ದ ಚೇಂಬರ್ಸ್ 10 ಯಾಕೆ ಮಾಡಿದನೋ! ಆಗ ಇದರ ಪಕ್ಕದಲ್ಲೇ ಮಸೀದಿಯಂಥದ್ದೊಂದು, ಸ್ಪೇನಿನ ಅರಮನೆ ಅಲ್‌ಹಂಬ್ರದಂಥದ್ದೊಂದು ಅಲಂಕಾರದ ಕಟ್ಟಡವೂ ಇದ್ದವು. ಅವು ಹೋದವು, ಇದು ಉಳಿಯಿತು.

ಹತ್ತುವ ಮೊದಲು ಬುಡದಲ್ಲಿ ನಿಂತು ತಲೆ ಎತ್ತಿ ನೋಡಿ. ಪ್ರತಿ ಚಾವಣಿಯ ಮೂಲೆಯಲ್ಲೂ ಒಂದೊಂದು ಡ್ರ್ಯಾಗನ್, ಒಟ್ಟು 80. ಹಳೆಯವನ್ನು 1784ರಲ್ಲಿ ಚಾವಣಿ ರಿಪೇರಿ ಮಾಡುವಾಗ ಇಳಿಸಿದರು, ಮತ್ತೆ ಏರಿಸಲೇ ಇಲ್ಲ. ಜಾರ್ಜನ ಮಗನಾದ ರಾಜಕುಮಾರನ ಸಾಲ ತೀರಿಸಲು ಮಾರಿದರು ಅನ್ನೋದು ಊರ ಮಾತು. ಮರದವಲ್ವಾ, ಮಳೆಗೆ ಕೊಳೆತಿರಬೇಕು ಅಂತ ನನಗನಿಸುತ್ತದೆ. ಕೊನೆಗೆ 2018ರಲ್ಲಿ ಹೊಸವು ಬಂದವು. ಕೆಳಗಿನ 8 ಮಾತ್ರ ಕೈಯಲ್ಲಿ ಕೆತ್ತಿದ ಮರದವು, ಮಿಕ್ಕ 72 ತ್ರೀಡಿ ಪ್ರಿಂಟರಿನಲ್ಲಿ ಮಾಡಿದ ನೈಲಾನಿನವು. ಕತ್ತು ನೋಯುವಷ್ಟು ಹೊತ್ತು ನೋಡಿದೆ, ವ್ಯತ್ಯಾಸ ಗೊತ್ತಾಗಲಿಲ್ಲ.

ಒಳಗೆ 253 ಮೆಟ್ಟಿಲು, ಸುತ್ತು ಸುತ್ತಾಗಿ. ಲಿಫ್ಟ್ ಇಲ್ಲ. ಮಂಡಿನೋವು ಇರುವವರು ಕೆಳಗೇ ಇರುವುದು ಒಳ್ಳೆಯದು. ನಾನು ಪ್ರತಿ ಅಂತಸ್ತಿನಲ್ಲೂ ಕಿಟಕಿಯ ಪಕ್ಕ ನಿಂತು, ಉಸಿರು ತೆಗೆದುಕೊಂಡೇ ಹತ್ತಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿನ ಒಂದೊಂದು ನೆಲಕ್ಕೂ ತೂತು ಕೊರೆದಿದ್ದರಂತೆ. ಹೊಸ ಬಾಂಬುಗಳ ಮಾದರಿಗಳನ್ನು ಮೇಲಿನಿಂದ ಬಿಟ್ಟು, ಅವು ಹೇಗೆ ಬೀಳುತ್ತವೆ ಅಂತ ನೋಡುವುದಕ್ಕೆ! ಸುಮ್ನೆ ಚಂದಕ್ಕೆ ಕಟ್ಟಿದ ಗೋಪುರಕ್ಕೆ ಎಂಥಾ ಕೆಲಸ ಬಂತು ನೋಡಿ.

ತೋಟದ ಟಿಕೆಟ್ಟಿದ್ದರೆ ಸಾಕು ಅಂದುಕೊಳ್ಳಬೇಡಿ, ಹತ್ತುವುದಕ್ಕೆ ಬೇರೆ ದುಡ್ಡು ಕೊಡಬೇಕಾಗಬಹುದು. ಚಳಿಗಾಲದಲ್ಲಿ ಹತ್ತಲು ಬಿಡುವುದಿಲ್ಲ, ಬೇರೆ ತಿಂಗಳಲ್ಲೂ ಹೊರಡುವ ಮುಂಚೆ ಆ ದಿನ ತೆರೆದಿರುತ್ತದಾ ಅಂತ ನೋಡಿಕೊಳ್ಳಿ. ಮೋಡವಿಲ್ಲದ ದಿನವನ್ನೇ ಆರಿಸಿಕೊಳ್ಳಿ. ಆಗ ಮೇಲಿನಿಂದ ಮರಗಳ ಸಾಲಿನ ನಡುವೆ ಗಾಜಿನ ಮನೆಯಾದ ಪಾಮ್ ಹೌಸ್‌ವರೆಗೆ ನೇರವಾಗಿ ಹೋಗುವ ಹಸಿರು ದಾರಿ ಕಾಣುತ್ತದೆ. ಇಳಿದ ಮೇಲೆ ಅದೇ ದಾರಿ ಹಿಡಿದು ಗಾಜಿನ ಮನೆಗಳ ಕಡೆ ನಡೆಯಿರಿ.